ಶಿವ್ಯಾನ ಅಜ್ಜಿ ಎಲ್ಲಿ ಹೋದಳು?

ನವನಗರ, ಬಾಗಲಕೋಟೆ

ತಂಗೀ,

ನಿನ್ನ ಲಕೋಟೆ ಬಂದು ಮೂರು ವಾರ ಆಯ್ತು. ನಿನ್ನ ಕಾರ್ಟೂನಿನ 40 ಕಂತು ಒಂದೇ ಸಲ ಬರೆದು ಕಳಿಸ್ತೀ ಅಂತ ನಾನು ಅಂದುಕೊಂಡಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮನುಷ್ಯನಿಗೆ ಇಷ್ಟು ಸಣ್ಣ ಅಕ್ಷರದಲ್ಲಿ ಕಳಿಸೋದು ಯಾವ ಊರ ನ್ಯಾಯ? ಆದರೂ ಬಿಡದೆ ಓದಿದೆ. ದಿನಕ್ಕೆ ಎರಡು ಕಂತು, ಮಧ್ಯಾಹ್ನ ಊಟ ಆದ ಮೇಲೆ, ಹಿತ್ತಲ ಬಾಗಿಲಿನ ಬೆಳಕಿಗೆ ಕುಳಿತು.

ಕಾಗದದ ಕೊನೆಗೆ ನೀನು ಒಂದು ಸಾಲು ಬರೆದಿದ್ದೀಯ. ‘ಬಾಣ್ಯಾನ್ನ ನಾನ ಹುಟ್ಟಿಸೀನಿ ಮಾಸ್ತರ, ಈಗ ಅವನ್ನ ನೋಡಿದ್ರ ನನಗ ಬ್ಯಾಸರಾಗ್ತದ.’ ಆ ಸಾಲಿಗಾಗಿ ಈ ಪತ್ರ. ಇಲ್ಲದಿದ್ದರೆ ‘ಚಲೋ ಅದ, ಮುಂದುವರಿಸು’ ಅಂತ ಫೋನಿನಲ್ಲಿ ಹೇಳಿ ಮುಗಿಸುತ್ತಿದ್ದೆ.

ಸ್ಕ್ರಿಪ್ಟು ಹೇಗೆ ಜೋಡಿಸಬೇಕು, ಒಂದು ಕಂತು ಎಷ್ಟು ನಿಮಿಷ ಇರಬೇಕು, ಮಾತು ಎಷ್ಟು, ಹಾಡು ಎಷ್ಟು ಅಂತೆಲ್ಲ ಕೇಳಿದ್ದೀಯ. ಅದನ್ನ ನನ್ನನ್ನ ಕೇಳಬೇಡ. ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಅದನ್ನೇ ದಿನವೂ ಮಾಡುವವರಿದ್ದಾರೆ, ಒಂದು ವಾರದಲ್ಲಿ ಕಲಿಸ್ತಾರೆ. ನಾನು ಕಾರ್ಟೂನು ಬರೆದವನೂ ಅಲ್ಲ. ಪತ್ರಿಕೆಯ ಮಕ್ಕಳ ಪುಟದಲ್ಲಿ ಶಿವ್ಯಾ ಅನ್ನೋ ಒಬ್ಬ ಹುಡುಗನ ಕಥೆಯನ್ನ 12 ವರ್ಷ ಎಳೆದವನು. ಈಗ ಮೊಮ್ಮಗನ ದೆಸೆಯಿಂದ ದಿನಕ್ಕೆ ಎರಡು ತಾಸು ಕಾರ್ಟೂನು ನೋಡುತ್ತೇನೆ. ನನ್ನ ಯೋಗ್ಯತೆ ಅಷ್ಟೇ.

ನಿನ್ನ ಮೊದಲ ಕಂತಿಗೆ ಬರುತ್ತೇನೆ. ಬಾಣ್ಯಾ, ಮುಧೋಳ ನಾಯಿಯ ಮರಿ. ಜೋಳ ಕೊಯ್ದ ಎರಿ ಹೊಲ. ಮೊಲ ಎದ್ದಿದೆ. ಅಣ್ಣ ಅಕ್ಕ ಎಲ್ಲ ಬಿಟ್ಟ ಬಾಣದ ಹಾಗೆ ಹೋಗುತ್ತಾರೆ. ಇವನಿಗೆ ಓಡೋದು ಅಂದರೆ ಹೆದರಿಕೆ. ಆದರೂ ಓಡುತ್ತಾನೆ, ಕಣ್ಣು ಮುಚ್ಚಿಕೊಂಡು. ಹೊಲದ ಒಡ್ಡಿಗೆ ಡಿಕ್ಕಿ. ಮಣ್ಣು ಕೊಡವಿಕೊಂಡು ಏಳುತ್ತಾನೆ. ಆಮೇಲೆ ನೀನು ಒಂದು ಮಾತು ಬರೆದಿದ್ದೀಯ: ಅವನು ಆ ಕಡೆ ಈ ಕಡೆ ನೋಡಿ, ಒಡ್ಡನ್ನ ನಿಧಾನಕ್ಕೆ ಮೂಸಲು ಶುರು ಮಾಡುತ್ತಾನೆ. ತಾನು ಬಂದಿದ್ದೇ ಒಡ್ಡು ನೋಡಿಕೊಂಡು ಹೋಗೋಕೆ ಅನ್ನುವ ಹಾಗೆ.

ಅಲ್ಲಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕುಳಿತೆ. ಆ ಮರಿಗೆ ಮಾನ ಇದೆ ತಂಗಿ. ಬಿದ್ದದ್ದು ಗೊತ್ತಾಗಬಾರದು ಅಂತ ಒದ್ದಾಡುವ ಜೀವ ಅದು. ನಾಲ್ಕೇ ಸಾಲಲ್ಲಿ ಬಂದುಬಿಟ್ಟ.

ಈಗ 31ನೇ ಕಂತು ತೆಗೆ. ಬಾಣ್ಯಾ ಕಂಬಕ್ಕೆ ಡಿಕ್ಕಿ, ಚಕ್ಕಡಿಗೆ ಡಿಕ್ಕಿ, ಬಸ್ಸಿಗೆ ಡಿಕ್ಕಿ, ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಗೆ ಡಿಕ್ಕಿ. ಒಂದು ಕಂತಿಗೆ ಏಳು ಸಲ, ನಾನೇ ಎಣಿಸಿದೆ. ಮೂಸೋದು ಎಲ್ಲಿ? 9ನೇ ಕಂತಿನ ತನಕ ಇದೆ. 12ರಲ್ಲಿ ಒಮ್ಮೆ ಬರುತ್ತದೆ. ಆಮೇಲೆ ಇಲ್ಲವೇ ಇಲ್ಲ. ‘ಮಕ್ಕಳಿಗೆ ಡಿಕ್ಕಿ ಭಾಳ ಸೇರ್ತು, ಎಲ್ಲರೂ ಅದನ್ನ ಕೇಳ್ತಾರ’ ಅಂತ ನೀನೇ ಬರೆದಿದ್ದೀಯ. ಸೇರಿರಬಹುದು. ಮಕ್ಕಳು ನಕ್ಕಿದ್ದು ಡಿಕ್ಕಿಗೆ. ಅವನನ್ನ ಹಚ್ಚಿಕೊಂಡಿದ್ದು ಒಡ್ಡು ಮೂಸಿದ್ದಕ್ಕೆ. ಆದರೆ ಯಾವ ಮಗುವೂ ‘ನಾಯಿ ಒಡ್ಡು ಮೂಸಿದ್ದು ಚಲೋ ಇತ್ತು’ ಅಂತ ಬಾಯಿಬಿಟ್ಟು ಹೇಳೋದಿಲ್ಲ. ಹೇಳೋಕೆ ಬರೋದು ಡಿಕ್ಕಿಯ ಬಗ್ಗೆ ಮಾತ್ರ. ಹೊಗಳಿಕೆ ಸುಳ್ಳಲ್ಲ, ಅದರ ವಿಳಾಸ ತಪ್ಪಿರುತ್ತದೆ. ಆ ತಪ್ಪು ವಿಳಾಸ ಹಿಡಿದುಕೊಂಡು ನೀನು 31ರ ತನಕ ನಡೆದಿದ್ದೀಯ.

ಇದನ್ನ ಇಷ್ಟು ಖಾತ್ರಿಯಿಂದ ಹೇಳೋಕೆ ಕಾರಣ ನನ್ನ ಶಿವ್ಯಾ.

ನೀನು ಅವನನ್ನ ಓದಿರಲಿಕ್ಕಿಲ್ಲ, ನಿಮ್ಮಪ್ಪ ಓದಿರಬಹುದು. ಮೊದಲ ವಾರದ ಕಥೆ ಹೀಗಿತ್ತು. ಶಿವ್ಯಾ ಅಂಗಡಿಯಿಂದ ಅಮೀನಗಡದ ಒಂದು ತುಂಡು ಕರದಂಟು ಕದಿಯುತ್ತಾನೆ. ಓಡಿ ಮನೆಗೆ ಬರುತ್ತಾನೆ. ಕದ್ದದ್ದು ಅಜ್ಜಿಗೆ. ಅಜ್ಜಿಗೆ ಹಲ್ಲಿಲ್ಲ, ಕರದಂಟು ಎಷ್ಟು ಗಟ್ಟಿ ಅಂತ ನಿನಗೆ ಗೊತ್ತಲ್ಲ. ಹುಡುಗ ಒರಳಿಗೆ ಹಾಕಿ ಕುಟ್ಟುತ್ತಾನೆ. ಅಂಟು, ಬೆಲ್ಲ, ಗೋಡಂಬಿ ಎಲ್ಲ ಒನಕೆಗೆ ಮೆತ್ತಿಕೊಳ್ಳುತ್ತವೆ. ಅಜ್ಜಿಗೆ ಬೆರಳಷ್ಟು ಪುಡಿ ಸಿಗುತ್ತದೆ. ಉಳಿದದ್ದನ್ನ ಇವನು ಒನಕೆ ನೆಕ್ಕಿ ಮುಗಿಸುತ್ತಾನೆ. ಅಜ್ಜಿ ‘ಎಲ್ಲಿಂದ ತಂದಿ?’ ಅಂತ ಕೇಳೋದಿಲ್ಲ. ಗೊತ್ತಿದ್ದೂ ಕೇಳೋದಿಲ್ಲ.

ಜನ ನಕ್ಕರು. ಪೋಸ್ಟ್ ಕಾರ್ಡು ಬಂದವು. ಎಲ್ಲದರಲ್ಲೂ ಕರದಂಟು, ಕರದಂಟು. ‘ಮಾಸ್ತರ, ಶಿವ್ಯಾ ಈ ವಾರ ಕರದಂಟು ತಿಂದಿಲ್ಲ ಯಾಕೆ?’ ಪುಟ ನೋಡಿಕೊಳ್ಳುತ್ತಿದ್ದ ಉಪಸಂಪಾದಕರು, ದೇವರು ಅವರನ್ನ ಚೆನ್ನಾಗಿಟ್ಟಿರಲಿ, ನನ್ನನ್ನ ಕರೆದು ಹೇಳಿದರು: ‘ಜನಕ್ಕೆ ಏನು ಬೇಕೋ ಅದನ್ನ ಕೊಡ್ರಿ. ಮುದುಕಿ ನಗಿಸೋದಿಲ್ಲ, ಜಾಗಾನೂ ಕಡಿಮೆ.’ ನಾನು ಜಗಳ ಆಡಲಿಲ್ಲ. ಇವತ್ತಿಗೂ ಅವರ ಮೇಲೆ ಸಿಟ್ಟಿದೆ ಅಂತ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕಂದರೆ ನನಗೂ ಕಾರ್ಡು ಬರೋದು ಬೇಕಾಗಿತ್ತು.

ಎರಡನೇ ವರ್ಷ ಅಜ್ಜಿ ತಿಂಗಳಿಗೊಮ್ಮೆ ಬಂದಳು. ಮೂರನೇ ವರ್ಷ ಒಳಗಿನ ಖೋಲಿಯಿಂದ ಬರೀ ದನಿ. ಆಮೇಲೆ ಅದೂ ಇಲ್ಲ. ಶಿವ್ಯಾ ಮಾತ್ರ ತಿಂದ. ಮದುವೆ ಮನೆಯಲ್ಲಿ ತಿಂದ, ಪರೀಕ್ಷೆ ಬರೆಯುವಾಗ ತಿಂದ, ಒಮ್ಮೆ ಚಂದ್ರಲೋಕಕ್ಕೆ ಹೋಗಿ ತಿಂದ. ಚಿತ್ರ ಬರೆಯುತ್ತಿದ್ದವರು ವರ್ಷಕ್ಕೆ ಒಂದಿಷ್ಟು ಅವನ ಹೊಟ್ಟೆ ಊದಿಸಿದರು. ಮೊದಲ ಚಿತ್ರದಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ನನಗೂ ‘ಕರದಂಟು ಮಾಸ್ತರ’ ಅಂತ ಹೆಸರು ಬಿತ್ತು. ಒಂದು ಸಲ ಸನ್ಮಾನ ಮಾಡಿ ಶಾಲು, ಹಾರ, ಒಂದು ಕಿಲೋ ಕರದಂಟು ಕೊಟ್ಟರು. ನಾನು ವೇದಿಕೆ ಮೇಲೇ ಒಂದು ತುಂಡು ಬಾಯಿಗೆ ಹಾಕಿಕೊಂಡು ಜನರನ್ನ ನಗಿಸಿದೆ. ನೆನೆಸಿಕೊಂಡರೆ ಈಗಲೂ ಹಲ್ಲು ನೋಯುತ್ತದೆ.

ಇದು ನನ್ನೊಬ್ಬನ ಪಾಡಲ್ಲ ಅಂತ ಬಹಳ ತಡವಾಗಿ ತಿಳಿಯಿತು. ಪಾಪೈ ಗೊತ್ತಲ್ಲ, ಪಾಲಕ್ ತಿಂದು ತೋಳು ಉಬ್ಬಿಸುವ ನಾವಿಕ. ಅವನು 1929ರಲ್ಲಿ ಪತ್ರಿಕೆಯ ಚಿತ್ರಕಥೆಯೊಂದಕ್ಕೆ ಬಂದದ್ದು ಹಡಗು ನಡೆಸೋ ಬಾಡಿಗೆ ಆಳಾಗಿ. ಆ ಚಿತ್ರಕಥೆ ಅದಾಗಲೇ ಹತ್ತು ವರ್ಷದ್ದು, ಅದಕ್ಕೆ ಬೇರೆಯೇ ನಾಯಕರಿದ್ದರು. ಮೊದಮೊದಲು ಅವನಿಗೆ ಪಾಲಕ್ಕಿನ ಗೊಡವೆಯೇ ಇರಲಿಲ್ಲ. ಗುಂಡೇಟು ತಿಂದಾಗ ಒಂದು ಅದೃಷ್ಟದ ಕೋಳಿಯ ತಲೆ ಸವರಿ ಬದುಕಿಕೊಂಡ, ಅಷ್ಟೇ. ಜನಕ್ಕೆ ಅವನು ಹಿಡಿಸಿದ, ಹಳೆಯ ನಾಯಕರು ಮೂಲೆಗೆ ಸರಿದರು. 1933ರಲ್ಲಿ ಸಿನಿಮಾ ಕಾರ್ಟೂನಿಗೆ ಬಂದ ಮೇಲೆ ಪಾಲಕ್ಕಿನ ಡಬ್ಬಿ ಅವನಿಗೆ ಗಂಟುಬಿತ್ತು. ನಮ್ಮ ಛೋಟಾ ಭೀಮನ ಲಡ್ಡು ಕೂಡ ಅದೇ ಓಣಿಯದು. 2008ರಿಂದ ತಿನ್ನುತ್ತಿದ್ದಾನೆ ಪಾಪ. ನನ್ನ ಮೊಮ್ಮಗ ಅವನು ಲಡ್ಡು ತೆಗೆಯುವ ಹೊತ್ತಿಗೆ ಎದ್ದು ನೀರು ಕುಡಿಯೋಕೆ ಹೋಗುತ್ತಾನೆ. ಮುಂದೇನು ಅಂತ ಗೊತ್ತಲ್ಲ.

ಮಿಕ್ಕಿ ಇಲಿಯದು ಇನ್ನೂ ದೊಡ್ಡ ಕಥೆ. 1928ರ ನವೆಂಬರಿನಲ್ಲಿ ಅವನು ಹಡಗಿನ ಮೇಲೆ ಮೊದಲು ಬಂದಾಗ ಎಂಥ ತಂಟೆಕೋರ ಅಂತೀ! ಬೆಕ್ಕಿನ ಬಾಲ ಎಳೆದು ಕೂಗಿಸುತ್ತಾನೆ. ಹಾಲು ಕುಡಿಯುವ ಹಂದಿಮರಿಗಳ ಬಾಲ ಜಗ್ಗಿ ರಾಗ ತೆಗೆಯುತ್ತಾನೆ. ಹಸುವಿನ ಹಲ್ಲನ್ನೇ ವಾದ್ಯ ಮಾಡಿ ಬಾರಿಸುತ್ತಾನೆ. ಇವತ್ತಿನ ಮಿಕ್ಕಿಯನ್ನ ನೋಡಿದವರಿಗೆ ಇದು ನಂಬೋಕೆ ಆಗೋದಿಲ್ಲ. ಏನಾಯ್ತು ಅಂದರೆ, ಜನ ಅವನನ್ನ ವಿಪರೀತ ಪ್ರೀತಿಸಿದರು. ಮನೆಮನೆಯ ಮಗ ಆಗಿಬಿಟ್ಟ. ಮನೆ ಮಗ ಬೆಕ್ಕಿನ ಬಾಲ ಎಳೆದರೆ ಆಗುತ್ತದೆಯೇ? ತಂದೆತಾಯಂದಿರು ತಕರಾರು ಬರೆದರು. ಒಂದೊಂದೇ ತಂಟೆ ಬಿಡಿಸಿದರು. ಬಿಡಿಸಿದ ತಂಟೆಯನ್ನ ಎಲ್ಲಾದರೂ ಇಡಬೇಕಲ್ಲ, 1934ರಲ್ಲಿ ಡೊನಾಲ್ಡ್ ಬಾತುಕೋಳಿ ಬಂದ. ಸಿಟ್ಟು, ಹಟ, ಹೊಟ್ಟೆಕಿಚ್ಚು ಎಲ್ಲ ಅವನ ಪಾಲಿಗೆ ಹೋದವು. ಮಿಕ್ಕಿಗೆ ಉಳಿದದ್ದು ನಗು ಮತ್ತು ಬಿಳಿ ಕೈಗವಸು.

ಸ್ಟೀಫನ್ ಜೇ ಗೂಲ್ಡ್ ಅಂತ ಅಮೆರಿಕದ ಜೀವವಿಜ್ಞಾನಿ. ಅವರು 1979ರಲ್ಲಿ ಈ ಇಲಿಯನ್ನ ಅಳತೆ ಮಾಡಿ ಬರೆದರು. ಸ್ವಭಾವ ಸೌಮ್ಯ ಆಗುತ್ತಾ ಹೋದ ಹಾಗೆ ತಲೆ ದೊಡ್ಡದಾಗಿದೆ, ಕಣ್ಣು ದೊಡ್ಡದಾಗಿದೆ. ತಲೆಯ ಉದ್ದಕ್ಕೆ ಹೋಲಿಸಿದರೆ ನೂರಕ್ಕೆ 27ರಷ್ಟಿದ್ದ ಕಣ್ಣು 42ಕ್ಕೆ ಬಂದಿದೆ. ಅಂದರೆ ನಾವೆಲ್ಲ ವಯಸ್ಸಾದ ಹಾಗೆ ಮುದುಕರಾದರೆ, ಮಿಕ್ಕಿ ವರ್ಷ ಕಳೆದ ಹಾಗೆ ಕೂಸಾದ. ನಾನು ಇದನ್ನ ಓದಿದಾಗ ಶಿವ್ಯಾನ ಹೊಟ್ಟೆ ಕಣ್ಣ ಮುಂದೆ ಬಂತು.

ಪಾಪೈನನ್ನ ಜನ ಒಂದು ಚಟಕ್ಕೆ ಕಟ್ಟಿಹಾಕಿದರು. ಮಿಕ್ಕಿಯ ಚಟ ಎಲ್ಲ ಬಿಡಿಸಿ ಕೂರಿಸಿದರು. ಎರಡೂ ಪ್ರೀತಿಯಿಂದಲೇ ಆದದ್ದು. ಬೈದವರು ಯಾರೂ ಒಂದು ಪಾತ್ರವನ್ನ ಹೀಗೆ ಕೆಡಿಸಿದ್ದು ನಾನು ಕಂಡಿಲ್ಲ.

‘ಹಂಗಾರ ಬಾಣ್ಯಾ ಬೆಳೀಬೇಕು, ಧೈರ್ಯ ಕಲೀಬೇಕು, ಝುಕೋ ಹಂಗ’ ಅಂತ ನೀನು ಮೂರು ಪುಟ ಬರೆದಿದ್ದೀಯ. ಓದಿ ತಲೆ ಬಿಸಿ ಆಯ್ತು. ‘ಅವತಾರ್’ ಕಾರ್ಟೂನಿನ ಝುಕೋನನ್ನ ನಾನೂ ನೋಡಿದ್ದೇನೆ ತಾಯಿ, ಮೊಮ್ಮಗನ ಜೊತೆ ಎರಡು ಸಲ. ಮುಖ ಸುಟ್ಟುಕೊಂಡ ರಾಜಕುಮಾರ, ಮೊದಲು ವೈರಿ, ಕೊನೆಗೆ ಗೆಳೆಯ. ಅವನು ಚಿಕ್ಕಪ್ಪ... ಅಲ್ಲ, ದೊಡ್ಡಪ್ಪ, ಐರೋನ ಡೇರೆಯೊಳಗೆ ಹೋಗಿ ಕೂರುವ ದೃಶ್ಯ ಇದೆ. ಮಲಗಿದ ಮುದುಕ ಏಳುವ ತನಕ ಕಾಯುತ್ತಾನೆ. ಎದ್ದ ಮೇಲೆ ಅಳುತ್ತಾ ತಪ್ಪೊಪ್ಪಿಕೊಳ್ಳೋಕೆ ಹೋದರೆ, ಮಾತು ಮುಗಿಯೋಕೂ ಬಿಡದೆ ಮುದುಕ ಎಳೆದು ಅಪ್ಪಿಕೊಳ್ಳುತ್ತಾನೆ. ಅಲ್ಲಿ ನಾನು ಎದ್ದು ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿ ಬಂದೆ. ಆದರೆ ಅದು 61 ಕಂತಿನ ಕಥೆ, 2005ರಿಂದ 2008ರ ತನಕ, ಮೂರು ಭಾಗ ಅಂತ ಮೊದಲೇ ಕಟ್ಟಿಕೊಂಡು ಹೊರಟದ್ದು. ದಡ ಕಾಣುತ್ತಿದ್ದ ದೋಣಿ. ನಿನ್ನ ಕೈಯಲ್ಲಿರೋದಕ್ಕೆ ದಡ ಎಲ್ಲಿದೆ? ಕಾರ್ಟೂನು ಮಾಡಿಸುವವರು ನೂರು ಕಂತು ಬೇಕು ಅಂತಾರೆ, ನೂರಾದರೆ ಇನ್ನೂರು ಅಂತಾರೆ. 45ಕ್ಕೇ ಬಾಣ್ಯಾ ಧೈರ್ಯವಂತ ಆದರೆ 46ರಲ್ಲಿ ಏನು ಮಾಡ್ತೀ? ಮತ್ತೆ ಹೆದರಿಸ್ತೀಯಾ?

ಬೆಳೆಯಲೇಬೇಕು ಅನ್ನುವ ಹಟ ನಿನಗೆ ಯಾರು ಕಲಿಸಿದರೋ. ಜಪಾನಿನ ಕಾರ್ಟೂನು ಹುಡುಗ ಶಿನ್‌ಚಾನ್‌ಗೆ 1996ರಲ್ಲಿ ತಂಗಿ ಹುಟ್ಟಿದಳು. ಆ ಕೂಸು ಇನ್ನೂ ಕೂಸೇ, ಅಣ್ಣನಿಗೆ ಇನ್ನೂ ಐದೇ ವರ್ಷ. ಅವರಮ್ಮನ ಸಿಟ್ಟೂ ಅಷ್ಟೇ ಇದೆ. ಪೋಕೆಮಾನ್‌ನ ಆ್ಯಶ್ ಹತ್ತು ವರ್ಷದ ಹುಡುಗನಾಗಿಯೇ ಕಾಲು ಶತಮಾನ ತಿರುಗಿ 2022ರಲ್ಲಿ ಜಗತ್ತಿನ ಚಾಂಪಿಯನ್ ಆದ. ಆದ ಮೇಲೆ ಮಾಡೋಕೆ ಏನೂ ಉಳಿಯಲಿಲ್ಲ ನೋಡು, ಮರುವರ್ಷ ಬೇರೆ ಮಕ್ಕಳಿಗೆ ಜಾಗ ಬಿಟ್ಟ.

ನಮ್ಮ ಕಡೆ ಪಾರಿಜಾತದ ಆಟ ನೋಡಿದ್ದೀಯೋ ಇಲ್ಲವೋ. ನಾನು ಸಣ್ಣವನಿದ್ದಾಗ ಲೋಕಾಪುರದ ಕಡೆ ಸೋದರಮಾವನ ಊರಿಗೆ ಹೋದರೆ ರಾತ್ರಿಯೆಲ್ಲ ಅದೇ. ಪಾರಿಜಾತದ ಹೂವು ರುಕ್ಮಿಣಿಗೆ ಹೋಯ್ತು ಅಂತ ಸತ್ಯಭಾಮೆ ಸಿಟ್ಟಾಗುತ್ತಾಳೆ. ಎಂಥ ಠೇಂಕಾರ! ಬೆಳಗಾಗುವ ಹೊತ್ತಿಗೆ ಆ ಸೊಕ್ಕು ಕರಗಿ ನೀರಾಗಿರುತ್ತದೆ. ಒಂದು ಸಲ ನಾನು ಹಟ ಮಾಡಿ ಮಾರನೇ ರಾತ್ರಿ ಪಕ್ಕದ ಊರಿಗೂ ಹೋದೆ, ಈಗ ಅವಳು ಹೇಗಿರ್ತಾಳೆ ಅಂತ ನೋಡೋಕೆ. ನೋಡಿದರೆ ಅದೇ ಠೇಂಕಾರ! ನನಗೆ ಮೋಸ ಆದ ಹಾಗೆ ಅನಿಸಿತು. ಮಾವ ನಕ್ಕು, ‘ಈ ಊರವ್ರಿಗೆ ಆಕಿ ಇನ್ನೂ ಸೋತಿಲ್ಲೋ ತಮ್ಮಾ’ ಅಂದ. ಆ ಮಾತು ಹತ್ತಾರು ವರ್ಷ ತಲೆಯಲ್ಲಿ ಕುಳಿತಿತ್ತು, ಅರ್ಥ ಆದದ್ದು ಡೊರೇಮಾನ್ ಕಾರ್ಟೂನಿನ ಅಳುಬುರುಕ ಹುಡುಗ ನೊಬಿತಾನನ್ನ ನೋಡಿದ ಮೇಲೆ.

ಭವಿಷ್ಯದಿಂದ ನೊಬಿತಾನ ಹತ್ತಿರ ಬಂದ ಯಂತ್ರದ ಬೆಕ್ಕಿನ ಕಥೆ ಡೊರೇಮಾನ್, ಜಪಾನಿನಲ್ಲಿ 1969ರ ಕೊನೆಗೆ ಶುರುವಾಯ್ತು. ಅಲ್ಲಿ ಆಗ ಶಾಲೆಯ ಒಂದೊಂದು ತರಗತಿಗೆ ಒಂದೊಂದು ಮಾಸಪತ್ರಿಕೆ ಇತ್ತು. ಹುಡುಗ ಮೂರನೇ ಇಯತ್ತೆ ಪಾಸಾದರೆ ನಾಲ್ಕನೆಯದರ ಪತ್ರಿಕೆ ತರಿಸುತ್ತಿದ್ದ, ಮೂರನೆಯದಕ್ಕೆ ಹೊಸ ಹುಡುಗರು ಬರುತ್ತಿದ್ದರು. ಪಾತ್ರ ಅಲ್ಲೇ, ಓದುವವರು ವರ್ಷವರ್ಷ ಬೇರೆ. 1974ರಲ್ಲಿ, ಮೂರನೇ ಇಯತ್ತೆಯವರ ಪತ್ರಿಕೆಯಲ್ಲಿ, ಡೊರೇಮಾನ್ ತನ್ನ ಕಾಲಕ್ಕೆ ವಾಪಸ್ ಹೋಗಬೇಕಾಗಿ ಬರುತ್ತದೆ. ಹಿಂದಿನ ರಾತ್ರಿ ನೊಬಿತಾಗೆ ಓಣಿಯ ಪುಂಡ ಹುಡುಗ ಜಿಯಾನ್ ಸಿಗುತ್ತಾನೆ. ಹೊಡೆದಾಟ. ಯಾವ ಯಂತ್ರವೂ ಇಲ್ಲ, ಡೊರೇಮಾನನನ್ನ ಕೂಗೋದೂ ಇಲ್ಲ. ಹೊಡೆತದ ಮೇಲೆ ಹೊಡೆತ ತಿಂದರೂ ನೊಬಿತಾ ಬಿಡೋದಿಲ್ಲ. ತಾನೊಬ್ಬನೇ ಗೆಲ್ಲದಿದ್ದರೆ ಗೆಳೆಯ ನಿಶ್ಚಿಂತೆಯಿಂದ ಹೋಗೋದಿಲ್ಲ ಅಂತ ಅವನ ಚಿಂತೆ. ಕೊನೆಗೆ ಜಿಯಾನೇ ಸೋತು ಮನೆಗೆ ಹೋಗುತ್ತಾನೆ. ಬೆಳಗಾದರೆ ಡೊರೇಮಾನ್ ಇಲ್ಲ.

ಮರುತಿಂಗಳೇ ಅವನು ತಿರುಗಿ ಬಂದ. ನೊಬಿತಾ ಮತ್ತೆ ಅದೇ ಅಳುಬುರುಕ, ಪರೀಕ್ಷೆಯಲ್ಲಿ ಅದೇ ಸೊನ್ನೆ. ಇದನ್ನ ಸೋಲು ಅಂತೀಯಾ? ನಾನು ಅನ್ನೋದಿಲ್ಲ. ಆ ರಾತ್ರಿಯ ಹುಡುಗ ಈ ಅಳುಬುರುಕನ ಒಳಗೇ ಇದ್ದಾನೆ ಅಂತ ಒಮ್ಮೆ ತೋರಿಸಿಯಾಯ್ತು. ಸಿನಿಮಾಗಳಲ್ಲಿ ಅವನು ಆಗಾಗ ಹೊರಗೆ ಬರುತ್ತಾನೆ. ಜಿಯಾನ್ ಕೂಡ ಅಷ್ಟೇ, ದಿನಾ ಹೊಡೆಯುವವನು ಸಿನಿಮಾದಲ್ಲಿ ಗೆಳೆಯರಿಗಾಗಿ ಮುಂದೆ ನಿಲ್ಲುತ್ತಾನೆ. ಅದಕ್ಕೇ ದಿನದ ಹೊಡೆತವನ್ನೂ ಮಕ್ಕಳು ಸಹಿಸುತ್ತಾರೆ. ಒಬ್ಬನೊಳಗೆ ಇಬ್ಬರು ಇರಬೇಕು, ಬೆಳೆಯಲಿ ಬಿಡಲಿ. ನನ್ನ ಶಿವ್ಯಾನಲ್ಲೂ ಇಬ್ಬರಿದ್ದರು, ಕಳ್ಳ ಒಬ್ಬ, ಮೊಮ್ಮಗ ಒಬ್ಬ. ಮೊಮ್ಮಗನನ್ನ ನಾನು ಕೊಂದೆ. ಯಾರೂ ಕೇಳಲಿಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದೆ.

ಕೇಳಿದ್ದರು. ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂತ ಮನೆ ಖಾಲಿ ಮಾಡಿದಾಗ ಒಂದು ಟ್ರಂಕಿಗೆ ಕಾಗದಪತ್ರ ಎಲ್ಲ ತುಂಬಿದ್ದೆ. ಶಿವ್ಯಾನ ಅಜ್ಜಿಯೂ ಆ ಓಣಿಯವಳೇ, ನಮ್ಮ ಎದುರುಮನೆಯ ಮುದುಕಿಯನ್ನ ನೋಡಿ ಬರೆದದ್ದು. ನಿನ್ನ ಲಕೋಟೆ ಬಂದ ವಾರ ಆ ಟ್ರಂಕು ತೆಗೆದೆ. ಕಾರ್ಡುಗಳ ಕಟ್ಟಿನಲ್ಲಿ ಒಂದು, ಹುನಗುಂದ ತಾಲೂಕಿನ ಹಳ್ಳಿಯೊಂದರ ಹುಡುಗಿಯದು. ಪೆನ್ಸಿಲಿನಲ್ಲಿ ಬರೆದಿದ್ದಾಳೆ. ‘ಶಿವ್ಯಾನ ಅಜ್ಜಿ ಎಲ್ಲಿ ಹೋದಳು? ಆರಾಮ ಇಲ್ಲೇನು? ನಮ್ಮ ಅಜ್ಜಿ ಕೇಳಾಕತ್ತಾಳ.’

ನಾನು ಎಲ್ಲ ಕಾರ್ಡಿಗೂ ಉತ್ತರ ಬರೆಯುತ್ತಿದ್ದೆ. ಬರೆದದ್ದಕ್ಕೆ ಮೂಲೆಯಲ್ಲಿ ಕೆಂಪು ಮಸಿಯಲ್ಲಿ ಒಂದು ಗೀಟು. ಇದರ ಮೇಲೆ ಗೀಟಿಲ್ಲ. ‘ಜಾಗ ಕಡಿಮೆ ಇತ್ತವ್ವ’ ಅಂತ ಹೇಗೆ ಬರೆಯಲಿ?

ಸಾಕು, ಕಣ್ಣು ನೀರಾಡುತ್ತಿದೆ, ಪೊರೆಯ ಕಾರಣಕ್ಕೆ. 41 ಬರೆಯೋಕೆ ಕೂರಬೇಡ. ಮೊದಲು 31ನ್ನ ತಿದ್ದಿ ಕಳಿಸು. ಏಳು ಡಿಕ್ಕಿಯಲ್ಲಿ ಆರು ತೆಗಿ. ಮಾಡಿಸುವವರು ಬೈದರೆ ಬೈಯಲಿ, ಬೈಗುಳದಿಂದ ಬಾಣ್ಯಾಗೆ ಏನೂ ಆಗೋದಿಲ್ಲ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸು. ನಿಮ್ಮಪ್ಪನಿಗೆ ನಮಸ್ಕಾರ ಹೇಳು. ಊರಿಗೆ ಬಂದರೆ ಮನೆಗೆ ಬಾ, ಊಟ ಮಾಡಿಯೇ ಹೋಗಬೇಕು. ರೊಟ್ಟಿ, ಎಣ್ಣೆಗಾಯಿ. ಕರದಂಟು ಮಾತ್ರ ತರಬೇಡ.

ಇನ್ನೊಂದು ಮಾತು. ನಿನ್ನೆ ರಾತ್ರಿ ಮೊಮ್ಮಗನಿಗೆ ನಿನ್ನ ಮೊದಲ ಕಂತು ಓದಿ ಹೇಳಿದೆ. ಡಿಕ್ಕಿಗೆ ಬಿದ್ದು ಬಿದ್ದು ನಕ್ಕ. ಒಡ್ಡು ಮೂಸುವ ಹತ್ತಿರ ನಗು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ‘ಅಜ್ಜಾ, ಅವ ಬಿದ್ದದ್ದು ಯಾರರೆ ನೋಡಿದ್ರೇನು?’ ಅಂತ ಕೇಳಿದ. ನಾನು ಹಾಳೆ ತಿರುವಿ ಹುಡುಕಿದೆ, ನೀನು ಬರೆದಿಲ್ಲ. ಅವನು ಇವತ್ತು ಬೆಳಗ್ಗೆ ಮತ್ತೆ ಕೇಳಿದ. ಯಾರು ನೋಡಿದರು?

ನಿನ್ನ
ಮಾಸ್ತರ